ಹಳೇ ಯೆಜ್ಡಿಯ ಗೇರ್‌ಬಾಕ್ಸ್ ಆಯಿಲ್ ಸೋರುತ್ತಿದ್ದರೆ ಎಂಜಿನ್ ಇಳಿಸಲೇಬೇಕಾ?

ಬೇಡ, ಈಗಲೇ ಇಳಿಸಬೇಡಿ. ನಿಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಮಧುಗಿರಿಯ ಮನೆ ಮುಂದೆ ರಾತ್ರಿ ನಿಂತರೆ ಬೆಳಿಗ್ಗೆ ಕೆಳಗೆ ಆಯಿಲ್ ಬಿದ್ದಿರುತ್ತದೆ, ಮೆಕ್ಯಾನಿಕ್ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು ಅಂತಿದ್ದಾರೆ ಎಂದು ಬರೆದಿದ್ದೀರಿ. ನಾನು ತುಮಕೂರಿನಲ್ಲಿ ಹಳೇ ಜಾವಾ, ಯೆಜ್ಡಿ ರಿಪೇರಿ ಮಾಡುತ್ತೇನೆ. ಈ ಗಾಡಿಗಳಲ್ಲಿ ಆಯಿಲ್ ತೊಟ್ಟಿಕ್ಕುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಅದು ಯಾವ ಆಯಿಲ್, ಎಲ್ಲಿಂದ ಹೊರಡುತ್ತಿದೆ ಅಂತ ಗೊತ್ತಾಗುವವರೆಗೆ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವುದೇ ಬೇಡ. ಈ ಗಾಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಸುಮ್ನೆ ಬಿಚ್ಚಲು ಹೋಗಿ ಕೇಸಿಂಗ್‌ನ (ಎಂಜಿನ್ನಿನ ಹೊರಕವಚದ) ಥ್ರೆಡ್ ಹೋದರೆ, ಅಂಥದ್ದೇ ಇನ್ನೊಂದು ಒಳ್ಳೇ ಕೇಸಿಂಗ್ ಹುಡುಕುವುದು ಬಹಳ ಕಷ್ಟ.

ಮೊದಲು ಆಯಿಲ್ ಗುರುತು ಹಿಡಿಯಿರಿ. ಹಳೇ ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಎಂಜಿನ್‌ಗೆ ಬೇಕಾದ ಆಯಿಲ್ (ಟೂಟಿ ಆಯಿಲ್) ಪೆಟ್ರೋಲ್ ಜೊತೆಗೇ ಹೋಗುತ್ತದೆ. ಗೇರು, ಕ್ಲಚ್, ಪ್ರೈಮರಿ ಚೈನ್ ಮೂರಕ್ಕೂ ಒಂದೇ ಆಯಿಲ್. ಅದು ಬೇರೆಯೇ ಇರುತ್ತದೆ. ರಾತ್ರಿ ಗಾಡಿ ಕೆಳಗೆ ಬಿಳಿ ರಟ್ಟು ಹಾಸಿ, ಬಿದ್ದದ್ದನ್ನು ಬೆಳಿಗ್ಗೆ ಬೆರಳಲ್ಲಿ ಮುಟ್ಟಿ, ಮೂಸಿ ನೋಡಿ. ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ ಮೊದಲ ಅನುಮಾನ ಕಾರ್ಬುರೇಟರ್ ಮೇಲೆ. ಅದರೊಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಸರಿಯಿಲ್ಲದೆ ತುಂಬಿ ಹರಿದರೆ ಪೆಟ್ರೋಲ್ ಆರಿಹೋಗುತ್ತದೆ, ಟೂಟಿ ಆಯಿಲ್ ಮಾತ್ರ ಕೇಸಿಂಗ್ ಮೇಲೆ ಉಳಿದು ಮೆಲ್ಲಗೆ ಕೆಳಗಿಳಿಯುತ್ತದೆ. ಟಾರಿನ ಹಾಗೆ ಕಪ್ಪಗೆ ಅಂಟಿಕೊಂಡರೆ ಅದು ಸೈಲೆನ್ಸರ್ ಬೆಂಡ್ ಸಿಲಿಂಡರ್‌ಗೆ ಸೇರುವ ಕಡೆಯದು. ಓಡುವಾಗ ಗಾಳಿಗೆ ಹಿಂದಕ್ಕೆ ಹರಿದು ಗೇರ್‌ಬಾಕ್ಸ್‌ಗೆ ಮೆತ್ತಿಕೊಳ್ಳುತ್ತದೆ. ಇವೆರಡಕ್ಕೂ ಗೇರ್‌ಬಾಕ್ಸ್‌ಗೂ ಸಂಬಂಧವೇ ಇಲ್ಲ.

ಗೇರ್ ಆಯಿಲ್ಲೇ ಅನ್ನಿಸಿದರೆ ಎಂಜಿನ್ನಿನ ಕೆಳಭಾಗ ಪೂರ್ತಿ ತೊಳೆಯಿರಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಮತ್ತು ಹಳೇ ಬ್ರಷ್ ಸಾಕು. ಆಮೇಲೆ ಸೋಪಿನ ನೀರು ಹಾಕಿ ಒರೆಸಿ ಒಣಗಿಸಿ. ಜಿಡ್ಡು ಚೂರೂ ಉಳಿಯಬಾರದು. ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ಕ್ಲಚ್ ಕವರ್, ಕಿಕ್ಕರ್ ಬುಡ, ಕೆಳಗಿನ ಡ್ರೈನ್ ಬೋಲ್ಟ್, ಕೇಸಿಂಗ್ ಜಾಯಿಂಟ್ ಎಲ್ಲದಕ್ಕೂ ತೆಳುವಾಗಿ ಉದುರಿಸಿ. ನಾನು ದೇವರಾಯನದುರ್ಗದ ಘಾಟಿ ಹತ್ತಿಸಿ ಇಳಿಸುತ್ತೇನೆ. ನೀವು ಕೊರಟಗೆರೆವರೆಗೆ ಹೋಗಿ ಬನ್ನಿ. ಆಯಿಲ್ ಕಾದು ತೆಳ್ಳಗಾಗಬೇಕು, ಅಷ್ಟೇ. ಬಂದ ತಕ್ಷಣ ಸೆಂಟರ್ ಸ್ಟ್ಯಾಂಡ್ ಹಾಕಿ ಟಾರ್ಚ್ ಬಿಟ್ಟು ನೋಡಿ. ಪೌಡರ್ ನೆನೆದು ಗೆರೆ ಬಿದ್ದಿರುತ್ತದೆ. ಆ ಗೆರೆಯ ತುದಿ ಮೇಲುಗಡೆ ಎಲ್ಲಿದೆಯೋ ಅಲ್ಲಿಂದಲೇ ಸೋರಿಕೆ.

ನಿಮ್ಮದು ಎಡಗಡೆ ಬೀಳುತ್ತಿದೆ, ಸೈಡ್ ಸ್ಟ್ಯಾಂಡ್‌ನಲ್ಲಿ ಜಾಸ್ತಿ ಅಂತ ಬರೆದಿದ್ದೀರಲ್ಲ, ಅದಕ್ಕೆ ನನ್ನ ಮೊದಲ ಅನುಮಾನ ಕಿಕ್ಕರ್ ಮೇಲೆ. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ಅಲ್ವಾ? ಒಳಗೆ ಎರಡೂ ಶಾಫ್ಟ್‌ಗಳು ಒಂದರೊಳಗೊಂದು ಕೂತಿರುತ್ತವೆ. ಹಾಗಾಗಿ ಆಯಿಲ್‌ಗೆ ಎರಡು ದಾರಿ: ಹೊರಗಿನ ಶಾಫ್ಟ್ ಮತ್ತು ಕವರ್ ನಡುವೆ ಒಂದು, ಎರಡು ಶಾಫ್ಟ್‌ಗಳ ನಡುವೆ ಇನ್ನೊಂದು. ಲಿವರ್ ತೆಗೆದು ನೋಡಿ. ಕವರಿನ ತೂತಿನ ಸುತ್ತ ನೆನೆದಿದೆಯೋ, ಶಾಫ್ಟಿನ ನಡುವಿಂದ ಜಿನುಗುತ್ತಿದೆಯೋ ಗೊತ್ತಾಗುತ್ತದೆ. ಬರೀ ಹೊರಗಿನ ಸೀಲ್ (ಆಯಿಲ್ ತಡೆಯುವ ರಬ್ಬರ್ ಬಳೆ) ಬದಲಾಯಿಸಿ, ಒಳಗಿನದು ಹಾಗೇ ಬಿಟ್ಟರೆ ಸೋರಿಕೆ ನಿಲ್ಲುವುದಿಲ್ಲ.

ಸೀಲ್ ಹಾಕುವ ಮೊದಲು ಶಾಫ್ಟ್ ಮೇಲೆ ಉಗುರು ಎಳೆಯಿರಿ. ವರ್ಷಗಟ್ಟಲೆ ಸೀಲಿನ ತುಟಿ ಉಜ್ಜಿ ಉಜ್ಜಿ ಅಲ್ಲಿ ಸಣ್ಣ ತಗ್ಗು ಬಿದ್ದಿರುತ್ತದೆ. ಉಗುರು ಅದರಲ್ಲಿ ಸಿಕ್ಕಿಕೊಂಡರೆ ಹೊಸ ಸೀಲೂ ಸೋರುತ್ತದೆ. ಜಾಗ ಇದ್ದರೆ ಸೀಲನ್ನು ಚೂರು ಹಿಂದೆಮುಂದೆ ಕೂರಿಸಿ. ತುಟಿ ಸವೆಯದ ಜಾಗಕ್ಕೆ ಬಂದರೆ ಹಿಡಿಯುತ್ತದೆ. ಹಾಗೇ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಶಾಫ್ಟ್ ಕೂರುವ ಬುಷ್ ಸವೆದಿದೆ. ಬುಷ್ ಹಾಕಿಸದೆ ಎಷ್ಟು ಸೀಲ್ ಬದಲಿಸಿದರೂ ಬಾಳಿಕೆ ಬರುವುದಿಲ್ಲ.

ಡ್ರೈನ್ ಬೋಲ್ಟ್ ಆಗಿದ್ದರೆ ವಾಷರ್ ಬದಲಿಸಿ. ಬಲವಾಗಿ ತಿರುಗಿಸಬೇಡಿ, ಅದು ಅಲ್ಯುಮಿನಿಯಂ ಥ್ರೆಡ್. ಕ್ಲಚ್ ಕವರ್ ಸುತ್ತ ಆಗಿದ್ದರೆ ಗ್ಯಾಸ್ಕೆಟ್. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಚೈನ್ ಕಡೆ ಆಗಿದ್ದರೆ ಮುಂದಿನ ಸ್ಪ್ರಾಕೆಟ್ ಬಿಚ್ಚಿ ಅದರ ಹಿಂದಿನ ಸೀಲ್ ನೋಡಿ. ಇಷ್ಟಕ್ಕೂ ಎಂಜಿನ್ ಫ್ರೇಮ್‌ನಲ್ಲೇ ಇರಲಿ. ಕೇಸಿಂಗ್‌ನ ಎರಡು ಹೋಳು ಕೂಡುವ ಜಾಗದಲ್ಲೇ ಪೌಡರ್ ನೆನೆದಿದ್ದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆಗ ಇಳಿಸಲೇಬೇಕು. ಹೊರಗಿಂದ ಪೇಸ್ಟ್ ಮೆತ್ತಿ ನಿಲ್ಲಿಸುತ್ತೇನೆ ಅಂದರೆ ಒಪ್ಪಬೇಡಿ.

ಕೆಳಗೆ ಬೀಳುವುದಕ್ಕಿಂತ ನನಗೆ ಹೆಚ್ಚು ಹೆದರಿಕೆ ಇರುವುದು ಕಾಣದೆ ಹೋಗುವ ಆಯಿಲ್ ಬಗ್ಗೆ. ಎಂಜಿನ್ನಿಗೂ ಗೇರ್ ಆಯಿಲ್‌ಗೂ ನಡುವೆ ತಡೆಯಾಗಿರುವ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಒಳಗೆ ಎಳೆದುಕೊಂಡು ಸುಡುತ್ತದೆ. ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ, ಗೇರ್‌ಬಾಕ್ಸ್ ಮಾತ್ರ ಖಾಲಿಯಾಗುತ್ತಿರುತ್ತದೆ. ಗಾಡಿ ಬಿಸಿಯಾದ ಮೇಲೂ ಹೊಗೆ ಕಡಿಮೆಯಾಗುವುದಿಲ್ಲ, ಪ್ಲಗ್ ಒದ್ದೆ ಕಪ್ಪಾಗಿರುತ್ತದೆ. ಅದೇ ಸೀಲ್ ಉಲ್ಟಾ ಕಡೆಗೂ ಬಿಡುತ್ತದೆ: ಪೆಟ್ರೋಲ್ ಗೇರ್‌ಬಾಕ್ಸ್‌ಗೆ ಬರುತ್ತದೆ, ಒಳಗೆ ಒತ್ತಡ ಏರಿ ಚೆನ್ನಾಗಿರುವ ಕಿಕ್ಕರ್ ಸೀಲಿಂದಲೂ ಆಯಿಲ್ ನೂಕುತ್ತದೆ. ಅದಕ್ಕೇ ಕಿಕ್ಕರ್ ಬುಡ ನೆನೆದಿದ್ದರೂ ಒಮ್ಮೆ ಗೇರ್ ಆಯಿಲ್ ಪೂರ್ತಿ ಇಳಿಸಿ, ಅಳೆದು, ಮೂಸಿ ನೋಡಿ. ಹಾಕಿದ್ದಕ್ಕಿಂತ ತುಂಬಾ ಕಡಿಮೆ ಬಂದು ಗಾಡಿ ಹೊಗೆ ಜಾಸ್ತಿ ಬಿಡುತ್ತಿದ್ದರೆ, ಅಥವಾ ಪೆಟ್ರೋಲ್ ವಾಸನೆ ಹೊಡೆದರೆ, ಕ್ರ್ಯಾಂಕ್ ಸೀಲ್ ಮೊದಲು ನೋಡಿಸಿ.

ಅದಕ್ಕೆ ಹೇಗೂ ಕ್ಲಚ್ ಕಡೆ ಬಿಚ್ಚಲೇಬೇಕು. ಕಿಕ್ಕರ್ ಸೀಲುಗಳು, ಗ್ಯಾಸ್ಕೆಟ್ ಎಲ್ಲವನ್ನೂ ಆಗಲೇ ಹೊಸದು ಹಾಕಿಸಿ, ಕೂಲಿ ಒಂದೇ ಸಲ ಆಗುತ್ತದೆ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹಳೇ ಸೀಲ್ ಕೈಯಲ್ಲೇ ಇರಲಿ. ಅದರ ಮೇಲಿನ ಅಳತೆಗೆ ಹೊಂದಿಸಿಯೇ ಹೊಸದು ತೆಗೆದುಕೊಳ್ಳಿ.