112 ವ್ಯಾಟ್‌ನಲ್ಲಿ ಹೆಚ್ಚಾಗಿ ಕಾಣುವ 12 ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಟ್ರಾನ್ಸ್‌ಮಿಟರ್ 100 ವ್ಯಾಟ್‌ನದು. ಆಂಟೆನಾ ಕೇಬಲ್ಲಿಗೆ ವ್ಯಾಟ್‌ಮೀಟರ್ ಸೇರಿಸಿದರೆ ಮುಂದಕ್ಕೆ ಹೋಗುವ ಪವರ್ 112 ವ್ಯಾಟ್, ಪ್ರತಿಫಲಿತ ಪವರ್ 12 ವ್ಯಾಟ್ ಎಂದು ತೋರಿಸುತ್ತದೆ. ಮೀಟರ್ ಕೆಟ್ಟಿದೆಯೇ? ಹಿಂದಿರುಗುವ 12 ವ್ಯಾಟ್ ಟ್ರಾನ್ಸ್‌ಮಿಟರಿನಲ್ಲೇ ಶಾಖವಾಗುತ್ತದೆಯೇ?

ಉತ್ತರ: ಇಷ್ಟರಿಂದಲೇ ಮೀಟರ್ ಕೆಟ್ಟಿದೆ ಎನ್ನಲಾಗದು. ಅದು ಕೇಬಲ್ಲಿನ ಒಂದೇ ಬಿಂದುವಿನಲ್ಲಿ ವೋಲ್ಟೇಜಿನ ಅಲ್ಪ ಅಂಶವನ್ನೂ ಕರೆಂಟಿನ ಅಲ್ಪ ಅಂಶವನ್ನೂ ಪಡೆದು, ಎರಡನ್ನೂ ಕೂಡಿಸಿ ಮುಂದೆ ಸಾಗುವ ಅಲೆಯನ್ನು, ಕಳೆದು ಪ್ರತಿಫಲಿತ ಅಲೆಯನ್ನು ಬೇರ್ಪಡಿಸುತ್ತದೆ. ಮೀಟರನ್ನು ದಾಟಿ ಆಂಟೆನಾದ ಕಡೆಗೆ ನಿಜವಾಗಿ ಸಲ್ಲುವುದು ಈ ಎರಡರ ವ್ಯತ್ಯಾಸ, ಅಂದರೆ 100 ವ್ಯಾಟ್. ಎರಡರ ಅನುಪಾತ ಸುಮಾರು ಒಂಬತ್ತನೆಯ ಒಂದು ಭಾಗ. ಅದರ ವರ್ಗಮೂಲ ಮೂರನೆಯ ಒಂದು ಭಾಗ. ಹಾಗಾಗಿ ಎಸ್‌ಡಬ್ಲ್ಯುಆರ್ (ಸ್ಥಾಯೀ ಅಲೆಯ ಅನುಪಾತ; ಏನೂ ಪ್ರತಿಫಲಿಸದಿದ್ದರೆ ಅದು 1) ಸುಮಾರು 2: 1 + 1/3 ಅನ್ನು 1 − 1/3 ರಿಂದ ಭಾಗಿಸಿದರೆ ಬರುವ ಸಂಖ್ಯೆ.

ಪ್ರತಿಫಲಿತ ಪವರ್ ಪೂರ್ತಿಯಾಗಿ ಟ್ರಾನ್ಸ್‌ಮಿಟರನ್ನು ಕಾಯಿಸುತ್ತದೆ ಎಂಬುದು ಬಹಳ ಹಳೆಯ ತಪ್ಪು ತಿಳಿವಳಿಕೆ. ಟ್ರಾನ್ಸ್‌ಮಿಟರಿಗೆ ಕಾಣುವುದು ಅದಕ್ಕೆ ಹೊಂದುವ 50 ಓಮ್‌ಗಿಂತ ಬೇರೆಯಾದ ಒಂದು ಲೋಡ್ (ಪವರ್ ಪಡೆಯುವ ಭಾಗ) ಮಾತ್ರ; ಅದು ಹೆಚ್ಚು ಕಾಯುವುದೋ ಕಡಿಮೆ ಕಾಯುವುದೋ ಆ ಲೋಡನ್ನು ಅವಲಂಬಿಸಿದೆ.

ನನಗೆ ಅನುಮಾನವಿರುವುದು ನಿಮ್ಮ 12ರ ಬಗ್ಗೆಯೇ. ಎಲಿಮೆಂಟ್ (ಎಷ್ಟು ವ್ಯಾಟ್‌ವರೆಗೆ, ಯಾವ ದಿಕ್ಕಿನದನ್ನು ಅಳೆಯಬೇಕೆಂಬುದನ್ನು ನಿರ್ಧರಿಸುವ, ತೆಗೆದು ಹಾಕಬಹುದಾದ ಭಾಗ) ಬದಲಿಸುವ ಮೀಟರುಗಳಲ್ಲಿ ದೋಷದ ಮಿತಿ ಸಾಮಾನ್ಯವಾಗಿ ಪೂರ್ಣ ಮಾಪಕದ ಶೇ 5; ಅಂದರೆ 250 ವ್ಯಾಟ್‌ನ ಎಲಿಮೆಂಟಿನಲ್ಲಿ ಮುಳ್ಳು 12.5 ವ್ಯಾಟ್‌ನಷ್ಟು ಅತ್ತಿತ್ತ ಇರಬಹುದು. ಅಂಥದರಲ್ಲಿ ಓದಿದ 12 ವ್ಯಾಟ್‌ಗೆ ಅರ್ಥವೇ ಇಲ್ಲ. ಪ್ರತಿಫಲಿತ ಪವರ್ ನೋಡಲು 25 ವ್ಯಾಟ್‌ನ ಎಲಿಮೆಂಟ್ ಹಾಕಿ, ಅದರ ಬಾಣವನ್ನು ಟ್ರಾನ್ಸ್‌ಮಿಟರಿನ ಕಡೆಗೆ ತಿರುಗಿಸಿ. ಪ್ರಸಾರದ ನಡುವೆ ಅದನ್ನು ಆಂಟೆನಾದ ಕಡೆಗೆ ತಿರುಗಿಸಿದರೆ ಮೀಟರಿಗೆ ಹಾನಿಯಾದೀತು. ಮಾತಿನ ಏರಿಳಿತದಲ್ಲಿ ಮುಳ್ಳು ನಿಲ್ಲದ ಕಾರಣ ಸ್ಥಿರವಾದ ಕ್ಯಾರಿಯರ್ (ಮಾತಿಲ್ಲದ ಬರಿಯ ರೇಡಿಯೊ ಅಲೆ) ಕಳುಹಿಸಿಯೇ ಅಳೆಯಿರಿ.

ಮೀಟರನ್ನು ಎಲ್ಲಿ ಸೇರಿಸಿದ್ದೀರಿ ಎಂಬುದೂ ಮುಖ್ಯ. ಕೇಬಲ್ಲಿನ ನಷ್ಟ ಹೋಗುವಾಗ 3 ಡೆಸಿಬೆಲ್ (ಪವರ್ ಸುಮಾರು ಅರ್ಧಕ್ಕೆ ಇಳಿಯುವಷ್ಟು) ಇದ್ದರೆ ಬರುವಾಗಲೂ 3 ಡೆಸಿಬೆಲ್; ಆದ್ದರಿಂದ ಆ ತುದಿಯಲ್ಲಿ ಆಂಟೆನಾ ಕಳಚಿಬಿದ್ದಿದ್ದರೂ ಈ ತುದಿಯಲ್ಲಿ ಎಸ್‌ಡಬ್ಲ್ಯುಆರ್ ಸುಮಾರು 3 ಎಂದಷ್ಟೇ ಕಾಣುತ್ತದೆ. ಸಾಧ್ಯವಾದರೆ ಆಂಟೆನಾದ ಬುಡದಲ್ಲೊಮ್ಮೆ ಅಳೆಯಿರಿ.

ಇನ್ನು ಮೀಟರಿನ ದಿಶಾ ಬೇರ್ಪಡಿಕೆ, ಅಂದರೆ ಹೋಗುವ ಅಲೆಯನ್ನೂ ಬರುವ ಅಲೆಯನ್ನೂ ಬೆರೆಸದೆ ಬೇರೆಯಾಗಿ ತೋರಿಸುವ ಸಾಮರ್ಥ್ಯ. ಅದು 20 ಡೆಸಿಬೆಲ್ ಮಾತ್ರ ಇದ್ದರೆ, ಏನೂ ಪ್ರತಿಫಲಿಸದಿದ್ದರೂ 100 ವ್ಯಾಟ್‌ಗೆ 1 ವ್ಯಾಟ್ ಹಿಂದೆ ಬರುತ್ತಿರುವಂತೆ ತೋರುತ್ತದೆ, ಎಸ್‌ಡಬ್ಲ್ಯುಆರ್ 1.22 ಎನ್ನಿಸುತ್ತದೆ. ಆಂಟೆನಾ ತೆಗೆದು ಒಳ್ಳೆಯ 50 ಓಮ್ ಡಮ್ಮಿ ಲೋಡ್ (ಪವರನ್ನು ಪ್ರತಿಫಲಿಸದೆ ಶಾಖವಾಗಿಸುವ ರೆಸಿಸ್ಟರ್) ಜೋಡಿಸಿ ನೋಡಿ: ಆಗಲೂ ಪ್ರತಿಫಲಿತ ಪವರ್ ಕಾಣಿಸಿದರೆ ಅದು ಮೀಟರಿನದೇ, ಆಂಟೆನಾದ್ದಲ್ಲ.