‘ಹ್ಯಾವ್’ ಎಲ್ಲಿ, ‘ಹ್ಯಾವಿಂಗ್’ ಎಲ್ಲಿ?

ಪ್ರಶ್ನೆ: ಕೆಲಸದ ಸಂದರ್ಶನದಲ್ಲಿ ನಾನು ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂದಾಗ ಅದು ತಪ್ಪೆಂದು ತಿದ್ದಿದರು. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಮಾತ್ರ ಸರಿಯಂತೆ. ಈ ವ್ಯತ್ಯಾಸವೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ‘ಹ್ಯಾವ್’ಗೆ ನೇರವಾಗಿ ಸಮನಾದ ಕ್ರಿಯಾಪದ ಕನ್ನಡದಲ್ಲಿಲ್ಲ, ‘ನನಗೆ ಇಬ್ಬರು ತಂಗಿಯರಿದ್ದಾರೆ’, ‘ನನ್ನ ಹತ್ತಿರ ಸೈಕಲ್ ಇದೆ’ ಎಂದು ‘ಇರು’ ಧಾತುವಿನಿಂದಲೇ ನಾವು ಕೆಲಸ ಸಾಗಿಸುತ್ತೇವೆ. ಇದೇ ‘ಇದ್ದಾರೆ’, ‘ಇದೆ’ಗಳು ‘ಓದುತ್ತಿದ್ದಾರೆ’, ‘ನಡೆಯುತ್ತಿದೆ’ ಎಂಬ ರೂಪಗಳ ಕೊನೆಯಲ್ಲಿಯೂ ಕೇಳಿಸುವುದರಿಂದ, ಇಂಗ್ಲಿಷ್ ಮಾತನಾಡುವಾಗ ‘ಇಂಗ್’ ತಾನಾಗಿಯೇ ನಾಲಿಗೆಗೆ ಬಂದುಬಿಡುತ್ತದೆ ಎಂಬುದು ನನ್ನ ಊಹೆ.

ಇಂಗ್ಲಿಷಿನಲ್ಲಿ ಒಡೆತನ, ನೆಂಟಸ್ತಿಕೆ, ಕಾಯಿಲೆ ಮುಂತಾದವು ಸ್ಥಿತಿಗಳೇ ಹೊರತು ನಡೆಯುತ್ತಿರುವ ಕ್ರಿಯೆಗಳಲ್ಲವಾದ್ದರಿಂದ, ‘ಐ ಹ್ಯಾವ್ ಟೂ ಸಿಸ್ಟರ್ಸ್’, ‘ಶಿ ಹ್ಯಾಸ್ ಎ ಫೀವರ್’ ಎನ್ನಬೇಕು. ಊಟ, ಸ್ನಾನ, ಸಭೆಗಳ ವಿಷಯ ಬೇರೆ. ಅಲ್ಲಿ ‘ಹ್ಯಾವ್’ ಎಂದರೆ ‘ಇರುವುದು’ ಅಲ್ಲ, ‘ಮಾಡುವುದು’. ಆದ್ದರಿಂದ ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್’ ಸರಿಯೇ.

ಒಂದು ಎಚ್ಚರಿಕೆ: ‘ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಆಕೆಗೆ ಮಗುವಿದೆ ಎಂದಲ್ಲ, ಆಕೆ ಗರ್ಭಿಣಿ ಅಥವಾ ಹೆರಿಗೆಯಲ್ಲಿದ್ದಾಳೆ ಎಂದರ್ಥ. ಇಬ್ಬರು ಮಕ್ಕಳ ತಾಯಿ ‘ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಎಂದರೆ, ಕೇಳಿದವರು ಅವಳಿ ಮಕ್ಕಳಿಗಾಗಿ ಮುಂಗಡವಾಗಿ ಶುಭಾಶಯ ಹೇಳಿಯಾರು!