“ಆ ಹೆಲ್ಮೆಟ್ ಎಲ್ಲಿಟ್ಟಿದ್ದೀರಿ?”

ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ರಾತ್ರಿಯಲ್ಲಿ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಈಗಿರುವ ರೂಪದಲ್ಲಿ ನಾವು ಇದನ್ನು ಪ್ರಕಟಿಸುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನೆಮ್ಮದಿಯಿಂದ ಓದಬಹುದು. ಆದರೆ ಎಲ್ಲ ಹಸ್ತಪ್ರತಿಗಳನ್ನೂ ನಾನು ಎರಡು ಸಲ ಓದುವುದಿಲ್ಲ. ಅದೂ ನಿಮಗೆ ಗೊತ್ತಿರಲಿ.

ಜೊತೆಗಿಟ್ಟ ಪತ್ರದಲ್ಲಿ ಕೇಳಿದ್ದೀರಿ: “ಶ್ರೀಧರ ಸೈಕೋಪಾತ್, ಯಾರ ನೋವೂ ತಟ್ಟದವನು ಅನ್ನೋದು ಓದುಗರಿಗೆ ಸ್ವಲ್ಪ ಸ್ವಲ್ಪವಾಗಿ ಗೊತ್ತಾಗಬೇಕು. ಹಾಗೆ ಆಗ್ತಿದೆಯಾ?” ಇಲ್ಲ. ಪುಟ 11ರಲ್ಲೇ ಗೊತ್ತಾಗಿಬಿಡುತ್ತದೆ. ಎಂಟು ವರ್ಷದ ಹುಡುಗ ಬೆಕ್ಕಿನ ಮರಿಯನ್ನು ಬಾವಿಗೆ ಎಸೆದು ನಗುತ್ತಾನೆ. ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಅಡಿಕೆ ಸೊಸೈಟಿಯಲ್ಲಿ ಎಷ್ಟೇ ಒಳ್ಳೆಯ ಗುಮಾಸ್ತನಾಗಲಿ, ಊರ ಗಣಪತಿ ಹಬ್ಬಕ್ಕೆ ಎಷ್ಟೇ ಓಡಾಡಲಿ, ಓದುವವರು ಅವನ ಕೈಯನ್ನೇ ನೋಡುತ್ತಿರುತ್ತಾರೆ, ಮುಂದೆ ಯಾರನ್ನು ತಳ್ಳುತ್ತಾನೋ ಅಂತ. ಮಕ್ಕಳು ಹಾಗೆ ಮಾಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸಿನಿಮಾದವರು ಆ ದೃಶ್ಯವನ್ನು ಎಷ್ಟು ಸವೆಸಿದ್ದಾರೆಂದರೆ ಈಗ ಅದು ದೃಶ್ಯವಾಗಿ ಉಳಿದಿಲ್ಲ, ಬೋರ್ಡ್ ಆಗಿದೆ. ಸಾಲದ್ದಕ್ಕೆ ನಾಲ್ಕು ಕಡೆ ಅವನನ್ನು ಗೋಮುಖ ವ್ಯಾಘ್ರ ಎಂದಿದ್ದೀರಿ. ಹುಲಿ ಎಂದು ಹೇಳಿಬಿಟ್ಟ ಮೇಲೆ ಹಸುವಿನ ಮುಖ ಯಾರನ್ನು ನಂಬಿಸಬೇಕು?

ಈಗ ಪುಟ 63ಕ್ಕೆ ಬನ್ನಿ. ಈ ಪತ್ರ ಬರೆಯುತ್ತಿರುವುದೇ ಆ ಪುಟಕ್ಕಾಗಿ.

ಶ್ರೀಧರನ ಹೆಂಡತಿ ವಸುಧಾಳ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡು ಮೂರು ದಿನವಾಗಿದೆ. ಅವತ್ತು ಹೆಲ್ಮೆಟ್ ಹಾಕಿಕೊಳ್ಳದೆ ಹೋಗಿದ್ದ. ಮನೆ ತುಂಬ ನೆಂಟರು. ಶ್ರೀಧರ ಎಲ್ಲರಿಗೂ ಕಾಫಿ ಕೊಡುತ್ತಾನೆ, ಮಾವನ ಬೆನ್ನು ಸವರುತ್ತಾನೆ, ಶಾಮಿಯಾನದವನ ಲೆಕ್ಕ ಮುಗಿಸುತ್ತಾನೆ. ಅಳಿಯ ಅಂದ್ರೆ ಹೀಗಿರಬೇಕು ಎಂದು ಯಾರೋ ಅನ್ನುತ್ತಾರೆ. ಆಗ ಅವನು ಅತ್ತೆಯ ಪಕ್ಕ ಕೂತು ಮೆಲ್ಲಗೆ ಕೇಳುತ್ತಾನೆ: “ಅತ್ತೆ, ಅವನ ಹೆಲ್ಮೆಟ್ ಹೊಸದಲ್ವಾ? ಎಲ್ಲಿಟ್ಟಿದ್ದೀರಿ?”

ಅತ್ತೆ ಇನ್ನೂ ಜೋರಾಗಿ ಅಳುತ್ತಾರೆ. ಅಯ್ಯೋ, ಅದೊಂದು ಹಾಕಿಕೊಂಡು ಹೋಗಿದ್ದರೆ ಎಂದು ಅಳಿಯನೂ ಒದ್ದಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಪುಟ 70ರಲ್ಲಿ ಅವನು ಅದೇ ಹೆಲ್ಮೆಟ್ ಹಾಕಿಕೊಂಡು ಸೊಸೈಟಿಗೆ ಹೊರಟಾಗ ನನ್ನ ಮೈ ಜುಂ ಎಂದಿತು. ಒಂದು ಕೊಲೆ ಇಲ್ಲ, ಒಂದು ಹನಿ ರಕ್ತ ಇಲ್ಲ. ಅವನು ಕೇಳಿದ್ದು ನಿಜವಾಗಿಯೂ ಹೆಲ್ಮೆಟ್ಟನ್ನು ಮಾತ್ರ!

ಆದರೆ ಅವನ ಮಾತು ಮುಗಿದ ಕೂಡಲೇ ನೀವೇನು ಬರೆದಿದ್ದೀರಿ? “ಅವನ ದನಿಯಲ್ಲಿ ಕಿಂಚಿತ್ತೂ ಕರುಣೆ ಇರಲಿಲ್ಲ.” ಯಾಕೆ ಸ್ವಾಮಿ? ಕೈಯಾರೆ ಮಾಡಿದ ಅಡುಗೆಗೆ ನೀವೇ ಮಣ್ಣು ಹಾಕಿದಿರಿ. ಆ ಸಾಲು ಹೊಡೆದುಹಾಕಿ.

ನನ್ನ ಮಾತಿನ ಸಾರ ಈ ಹೆಲ್ಮೆಟ್ಟಿನಲ್ಲೇ ಇದೆ. ನೀವು ಶ್ರೀಧರನನ್ನು ಸ್ವಲ್ಪ ಸ್ವಲ್ಪ ಬದಲಾಯಿಸುತ್ತ ಹೋಗಿದ್ದೀರಿ. ಮೊದಲು ಒಳ್ಳೆಯವನು, ಆಮೇಲೆ ಒರಟ, ಕೊನೆಗೆ ರಾಕ್ಷಸ. ಅವನು ಬದಲಾಗಬಾರದು. ಮೊದಲ ಪುಟದಿಂದ 240ನೆಯ ಪುಟದವರೆಗೂ ಅವನು ಅದೇ ಮನುಷ್ಯ. ಬದಲಾಗಬೇಕಾದದ್ದು ವಸುಧಾಳ ಕಣ್ಣು. ಇವತ್ತು ಅವಳು ಪ್ರೀತಿ ಅಂದುಕೊಂಡದ್ದೇ ಆರು ತಿಂಗಳ ಮೇಲೆ ಅವಳ ನಿದ್ದೆ ಕೆಡಿಸಬೇಕು. ಹಾಗಾಗಿ ನೀವು ಇಡುವ ಪ್ರತಿ ಸುಳಿವೂ ಮೊದಲ ಸಲ ಕಾಣುವಾಗ ಒಳ್ಳೆಯ ಗುಣವಾಗಿಯೇ ಕಾಣಬೇಕು. ಅವನು ಯಾವತ್ತೂ ಅಳುವುದಿಲ್ಲ: ಗಟ್ಟಿ ಮನಸ್ಸಿನವನು. ಯಾರ ಮೇಲೂ ದ್ವೇಷ ಇಟ್ಟುಕೊಳ್ಳುವುದಿಲ್ಲ: ದೊಡ್ಡ ಮನುಷ್ಯ. ಹೋದ ಕಡೆಯೆಲ್ಲ ಹತ್ತೇ ನಿಮಿಷದಲ್ಲಿ ಸ್ನೇಹ: ಎಷ್ಟು ಬೇಗ ಬೆರೀತಾರೆ ನೋಡಿ!

ಮುಖವಾಡದ ಬಗ್ಗೆ ಇನ್ನೊಂದು ಮಾತು. ನಿಮ್ಮ ಶ್ರೀಧರನಿಗೆ ಒಂದೇ ಮುಖವಾಡ, ಎಲ್ಲರಿಗೂ ಒಂದೇ ನಗು. ಆದರೆ ಇಂಥವರ ಮುಖವಾಡದ ಅಳತೆ ಸಿಗುವುದು ಎದುರಿಗಿರುವವರ ಕೊರತೆಯಲ್ಲಿ. ನಮ್ಮ ದಕ್ಷಿಣ ಕನ್ನಡದ ಮೋಹನ್ ಕುಮಾರ್ ಪ್ರಕರಣ ನೆನಪಿದೆಯಲ್ಲ, ಪತ್ರಿಕೆಗಳು ಸೈನೈಡ್ ಮೋಹನ್ ಎಂದು ಕರೆದದ್ದು? ಅವನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. 2003ರಿಂದ 2009ರ ನಡುವೆ 20 ಯುವತಿಯರನ್ನು ಕೊಂದ ಆರೋಪ ಅವನ ಮೇಲೆ ಬಂತು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಶಿಕ್ಷೆ ಕೊಡಲು ಶುರುಮಾಡಿತು. ಗರ್ಭ ನಿಲ್ಲದ ಹಾಗೆ ಮಾಡುವ ಮಾತ್ರೆ ಎಂದು ನಂಬಿಸಿ ಸೈನೈಡ್ ಕೊಡುತ್ತಿದ್ದ. ಶವಗಳು ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಿಗುತ್ತಿದ್ದವು. ಅವನು ಸೈಕೋಪಾತ್ ಎಂದು ನಾನು ಹಣೆಪಟ್ಟಿ ಹಚ್ಚುತ್ತಿಲ್ಲ, ಅದು ವೈದ್ಯರ ಕೆಲಸ. ಬರೆಯುವವರು ಗಮನಿಸಬೇಕಾದದ್ದು ಬೇರೆ. ಆ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ವರದಕ್ಷಿಣೆ ಕೊಡಲಾಗದ ಮನೆಯವರು. ಅವನು ಹೆಸರು ಬದಲಾಯಿಸಿ, ಅವರವರ ಜಾತಿಯವನೇ ಎಂದು ಹೇಳಿಕೊಂಡು, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಕೇಳಿದವರಿಗೆ ಅದು ದೇವರು ಕೊಟ್ಟ ವರ. ಅವರು ಪೆದ್ದರಾಗಿರಲಿಲ್ಲ. ವರದಕ್ಷಿಣೆ ಬೇಡ ಎನ್ನುವ ಗಂಡು ಸಿಗುವುದೇ ಕಷ್ಟವಾದ ಊರಿನಲ್ಲಿ ಅವನು ಆ ಒಂದು ಮಾತನ್ನು ಮುಖವಾಡ ಮಾಡಿಕೊಂಡ. ನಿಮ್ಮ ವಸುಧಾಗೆ ಏನು ಕೊರತೆ? ಹಸ್ತಪ್ರತಿಯಲ್ಲಿ ನನಗೆ ಅದು ಸಿಗಲಿಲ್ಲ. ಅದು ಸಿಗದಿದ್ದರೆ ಅವಳು ಅವನನ್ನು ನಂಬಿದ್ದು ಸುಮ್ನೆ ಕಥೆಗೆ ಬೇಕಲ್ಲ ಅಂತ ನಂಬಿದ ಹಾಗಿದೆ.

ನೀವು ಓದಿಕೊಂಡು ಬರೆದಿದ್ದೀರಿ, ಅದು ಗೊತ್ತಾಗುತ್ತದೆ. ಸ್ವಲ್ಪ ಜಾಸ್ತಿಯೇ ಗೊತ್ತಾಗುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಸೈಕೋಪಾತ್‌ಗಳನ್ನು ಗುರುತಿಸಲು ಮಾಡಿದ ಪಟ್ಟಿಯಲ್ಲಿ 20 ಅಂಶಗಳಿವೆ. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು 40. ಅಮೆರಿಕ, ಕೆನಡಾಗಳಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೈಕೋಪಾತ್ ಎಂದು ಲೆಕ್ಕ. ನಿಮ್ಮ ಶ್ರೀಧರ 40ಕ್ಕೆ 40 ತೆಗೆಯುವ ರ‍್ಯಾಂಕ್ ಸ್ಟೂಡೆಂಟ್. ಆದರೂ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಹಿಂದುಮುಂದು ನೋಡದೆ ನುಗ್ಗುವುದು, ಬೇಗ ಬೇಜಾರಾಗುವುದು, ದೂರದ ಗುರಿಯೇ ಇಲ್ಲದಿರುವುದು ಕೂಡ ಆ ಪಟ್ಟಿಯಲ್ಲಿವೆ. ನಿಮ್ಮವನು ಮಾವನ ತೋಟಕ್ಕಾಗಿ ಹನ್ನೊಂದು ವರ್ಷ ಕಾಯುತ್ತಾನೆ! ಅಷ್ಟು ತಾಳ್ಮೆ ಇದ್ದವನು ಐಎಎಸ್ ಪಾಸು ಮಾಡುತ್ತಿದ್ದ. ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಬರೆದ ಪುಸ್ತಕದಲ್ಲಿ ಬರುವವರು ಹೆಚ್ಚಿನಂಶ ಕೊಲೆಗಾರರಲ್ಲ. ಖಾಲಿ ಖಾತೆಯ ಚೆಕ್ ಕೊಟ್ಟವರು, ಚೆನ್ನಾಗಿದ್ದ ಕೆಲಸ ಬಿಟ್ಟವರು, ಅಗತ್ಯವೇ ಇಲ್ಲದೆ ಸುಳ್ಳು ಹೇಳಿದವರು, ಮನೆಯವರ ಮಾನ ಕಳೆದು ಮತ್ತೆ ನಗುನಗುತ್ತ ಬಂದು ಕೂತವರು. ಶ್ರೀಧರನೂ ಅಂಥ ಸಣ್ಣ ಸಣ್ಣ ಕಡೆ ಸೋರಲಿ. ತೋಟ ಹೊಡೆಯುವ ಸಂಚಿಗಿಂತ ಹಾಲಿನವನಿಗೆ ಎರಡು ತಿಂಗಳ ದುಡ್ಡು ಕೊಡದೆ ಕೊಟ್ಟೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳುವುದು ಹೆಚ್ಚು ಭಯ ಹುಟ್ಟಿಸುತ್ತದೆ.

ಪುಟ 205ರ ಡಾಕ್ಟರನ್ನು ದಯವಿಟ್ಟು ಮನೆಗೆ ಕಳಿಸಿ. ಹತ್ತು ನಿಮಿಷದಲ್ಲಿ ಎಲ್ಲ ಬಿಡಿಸಿ ಹೇಳುತ್ತಾರೆ, ಅದೂ ತಪ್ಪಾಗಿ. ಅವನಿಗೆ ದನಿಗಳು ಕೇಳಿಸುತ್ತವೆ, ಅವನೊಳಗೆ ಇಬ್ಬರಿದ್ದಾರೆ ಎನ್ನುತ್ತಾರೆ. ಇವೆಲ್ಲ ಬೇರೆ ಬೇರೆ ಕಾಯಿಲೆಗಳು. ಸೈಕೋಪಾತ್‌ಗೆ ಭ್ರಮೆ ಇರಬೇಕಿಲ್ಲ. ತಾನು ಮಾಡುತ್ತಿರುವುದು ಏನು, ಅದು ಸರಿಯೋ ತಪ್ಪೋ ಎಲ್ಲ ಅವನಿಗೆ ಗೊತ್ತು, ಅದು ಅವನಿಗೆ ತಟ್ಟುವುದಿಲ್ಲ ಅಷ್ಟೇ. ಹಾಗೆ ದನಿಗಳು ಕೇಳಿಸುವ ಸ್ಕಿಜೋಫ್ರೇನಿಯಾ ಇರುವ ಮಗನನ್ನೋ ಮಗಳನ್ನೋ ಸಾಕುತ್ತಿರುವ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಅವರ ಮಕ್ಕಳನ್ನು ಊರವರು ‘ಸೈಕೋ’ ಎನ್ನುವುದು ಇಂಥ ಡಾಕ್ಟರುಗಳನ್ನು ಓದಿಯೇ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಇನ್ನು ಕಥೆಯನ್ನು ಯಾರು ನೋಡುತ್ತಿದ್ದಾರೆ ಅನ್ನುವ ಪ್ರಶ್ನೆ. ಯಕ್ಷಗಾನದ ಪಂಚವಟಿ ಪ್ರಸಂಗದಲ್ಲಿ ಸನ್ಯಾಸಿ ಬಂದು ಭಿಕ್ಷೆ ಕೇಳುವಾಗ ನೋಡುವವರಿಗೆಲ್ಲ ಅವನು ರಾವಣ ಎಂದು ಗೊತ್ತು. ಸೀತೆಗೊಬ್ಬಳಿಗೇ ಗೊತ್ತಿಲ್ಲ. ಅಲ್ಲಿ ನಮಗಾಗುವುದು ಅವಳಿಗಾಗಿ ಭಯ. ನಿಮಗೆ ಬೇಕಿರುವುದು ಅದೋ, ಇಲ್ಲ ಅವಳ ಜೊತೆಗೇ ನಾವೂ ಬೆಚ್ಚಿಬೀಳಬೇಕೋ? ಎರಡೂ ಆಗಬಹುದು, ಆದರೆ ಒಂದನ್ನು ಆರಿಸಿಕೊಳ್ಳಿ. ಈಗ ಒಂದು ಅಧ್ಯಾಯ ವಸುಧಾಳದ್ದು, ಮುಂದಿನದು ಶ್ರೀಧರನ ತಲೆಯೊಳಗಿನದ್ದು. ಅವನ ತಲೆಯೊಳಗೆ ಹೋದ ಮೇಲೆ ಮುಚ್ಚಿಡುವುದಾದರೂ ಏನನ್ನು? ನನ್ನ ಕೈಯಲ್ಲಿದ್ದರೆ ಅವನ ಒಂಬತ್ತು ಅಧ್ಯಾಯಗಳನ್ನೂ ತೆಗೆದುಬಿಡುತ್ತಿದ್ದೆ. ಅವನೇ ಮಾತಾಡಬೇಕು ಅನ್ನಿಸಿದರೆ ಓದುಗರಿಗೂ ಸುಳ್ಳೇ ಹೇಳಲಿ, ಅತ್ತೆಗೆ ಹೇಳಿದಷ್ಟೇ ಸಲೀಸಾಗಿ.

ಹಾಗಾದರೆ ಬಯಲಾಗುವುದು ಹೇಗೆ? ಕೊನೆಯಲ್ಲಿ ಅವನೇ ಆರು ಪುಟ ಭಾಷಣ ಮಾಡಿ ಒಪ್ಪಿಕೊಳ್ಳುವುದು ಬೇಡವೇ ಬೇಡ. ಅವನು ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿರುತ್ತಾನೆ. ಅವರು ಒಬ್ಬರನ್ನೊಬ್ಬರು ಭೇಟಿಯಾಗದವರೆಗೆ ಮಾತ್ರ ಅವನು ಕ್ಷೇಮ. ಹಾಗಿದ್ದರೆ ಭೇಟಿ ಮಾಡಿಸಿ. ನಮ್ಮ ಕಡೆ ಅದಕ್ಕೆ ಮದುವೆ ಮನೆಗಿಂತ ಒಳ್ಳೆಯ ಜಾಗ ಎಲ್ಲಿದೆ? ತಾಯಿಗೆ ಕ್ಯಾನ್ಸರ್ ಎಂದು ಅವನು ಸೊಸೈಟಿಯಲ್ಲಿ ಮುಂಗಡ ತೆಗೆದದ್ದು ನಿಮ್ಮಲ್ಲೇ ಇದೆ, ಪುಟ 98. ಅದನ್ನು ನೀವು ಅಲ್ಲೇ ಮರೆತುಬಿಟ್ಟಿದ್ದೀರಿ. ಊಟದ ಪಂಕ್ತಿಯಲ್ಲಿ ಸೊಸೈಟಿ ಅಧ್ಯಕ್ಷರ ಹೆಂಡತಿ ಅವನ ತಾಯಿಯ ಪಕ್ಕ ಕೂರಲಿ. “ಈಗ ಹೇಗಿದ್ದೀರಮ್ಮ? ಟ್ರೀಟ್‌ಮೆಂಟ್ ಎಲ್ಲ ಮುಗೀತಾ?” ಎಂದು ಕೇಳಲಿ. ಎದುರು ಪಂಕ್ತಿಯಲ್ಲಿ ವಸುಧಾ ಕೂತಿರಲಿ.

ತಾಯಿ “ನನಗೇನಾಗಿದೆ?” ಎಂದು ಕೇಳಬಹುದು. ಎಲ್ಲರೂ ಹಾಗೇ ಬರೆಯುತ್ತಾರೆ. ನಾನು ಕೇಳುತ್ತಿರುವುದು ಇನ್ನೊಂದು. ಆ ತಾಯಿ ಒಂದು ಗಳಿಗೆ ಸುಮ್ಮನಿರಲಿ. ಎಲೆಯ ಮೇಲಿನ ಅನ್ನ ಕಲಸಲಿ. ಆಮೇಲೆ ತಲೆ ಎತ್ತದೆ, “ಹ್ಞೂಂ, ಈಗ ಪರವಾಗಿಲ್ಲ” ಎನ್ನಲಿ. ಅವಳಿಗೆ ಮಗನ ವಿಷಯ ಮೂವತ್ತು ವರ್ಷದಿಂದ ಗೊತ್ತು ಎಂದು ವಸುಧಾಗೆ ತಿಳಿಯುವುದು ಆ ಗಳಿಗೆಯಲ್ಲಿ. ಹೆಲ್ಮೆಟ್ ನೆನಪಾಗಬೇಕಾದದ್ದೂ ಆಗಲೇ. ನಿಮಗೆ ಆ ಬೆಕ್ಕಿನ ಮರಿ ಬೇಕೇ ಬೇಕು ಅಂದರೆ ಅದನ್ನೂ ಈ ತಾಯಿಯ ಬಾಯಲ್ಲಿ, ಕೈ ತೊಳೆಯುವ ಹೊತ್ತಿಗೆ, ಅರ್ಧ ವಾಕ್ಯದಲ್ಲಿ ತನ್ನಿ.

ಇಡೀ ಕಾದಂಬರಿ ತಿದ್ದಲು ಹೋಗಬೇಡಿ. ಮೊದಲ 60 ಪುಟ ಮತ್ತು ಈ ಊಟದ ದೃಶ್ಯ, ಎರಡನ್ನೇ ಬರೆದು ಕಳಿಸಿ. ಪುಟ 63ರಲ್ಲಿ ನಾನು ಹೇಳಿದ ಒಂದು ಸಾಲು ಬಿಟ್ಟು ಬೇರೇನೂ ಮುಟ್ಟಬೇಡಿ. ಮತ್ತೆ, ಯೂನಿಕೋಡ್‌ನಲ್ಲೇ ಕಳಿಸಿ. ಈ ಸಲ ‘ನುಡಿ’ ತಂತ್ರಾಂಶದಿಂದ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಎದ್ದುಹೋಗಿ ನಿಮ್ಮ ನಾಯಕ ಮೂರು ಅಧ್ಯಾಯ ಪೂರ್ತಿ ‘ಶೀಧರ’ನಾಗಿಯೇ ಓಡಾಡುತ್ತಿದ್ದ.